ಅರ್ಧ ಅಂಗುಲದ ನ್ಯಾಯ ಮತ್ತು ವಿಯೆನ್ನಾ ಒಡಂಬಡಿಕೆ

ಸಿಮೆಂಟು ತುಂಬುವ ಪೀಪಾಯಿಗಳಿಗೆಂದು ರಷ್ಯಾದಿಂದ ಇಂಗ್ಲೆಂಡಿಗೆ ಮರದ ಪಟ್ಟಿಗಳು ಬಂದಿದ್ದವು. ಕರಾರಿನಲ್ಲಿದ್ದ ದಪ್ಪ ಅರ್ಧ ಅಂಗುಲ. ಬಂದವುಗಳಲ್ಲಿ ಬಹುಪಾಲು ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ದಪ್ಪವಾಗಿದ್ದವು. ಪೀಪಾಯಿ ಮಾಡಲು ಅದರಿಂದ ಯಾವ ಅಡ್ಡಿಯೂ ಇರಲಿಲ್ಲ. ಆದರೆ ಅಷ್ಟರಲ್ಲಿ ಮರದ ಬೆಲೆ ಕುಸಿದಿತ್ತು. ಕೊಂಡವನು ದಪ್ಪದ ನೆಪವೊಡ್ಡಿ ಸರಕನ್ನೇ ತಿರಸ್ಕರಿಸಿದನು. 1933ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನ ಪರವಾಗಿಯೇ ತೀರ್ಪಿತ್ತಿತು.

ಈ ತೀರ್ಪಿಗೆ ಆಧಾರವಾದುದು 1893ರ ಇಂಗ್ಲಿಷ್ ಸರಕು ಮಾರಾಟ ಕಾಯಿದೆ. ಅದರ ಪ್ರಕಾರ ಸರಕು ವರ್ಣನೆಗೆ ಹೊಂದಬೇಕೆಂಬುದು ಒಂದು ‘ಷರತ್ತು’. ಷರತ್ತು ಮುರಿದರೆ, ಆದ ಹಾನಿ ಎಷ್ಟೇ ಅಲ್ಪವಾಗಿರಲಿ, ಕರಾರನ್ನು ಮುರಿಯಬಹುದು. ಅದೇ ಅಚ್ಚಿನಲ್ಲಿ ಎರಕಗೊಂಡ 1930ರ ಭಾರತೀಯ ಸರಕು ಮಾರಾಟ ಕಾಯಿದೆಯಲ್ಲಿಯೂ ಈ ನಿಯಮವಿದೆ. ಒಡೆತನ ಯಾವ ಕ್ಷಣದಲ್ಲಿ ಕೈಬದಲಾಯಿತೆಂಬುದು ಈ ಕಾಯಿದೆಗಳ ಇನ್ನೊಂದು ಮುಖ್ಯ ಚಿಂತೆ. ಬೇರೆ ಕರಾರಿಲ್ಲದಿದ್ದರೆ ನಷ್ಟದ ಹೊಣೆಯೂ ಒಡೆತನದ ಬೆನ್ನುಹತ್ತಿಯೇ ಹೋಗುತ್ತದೆ. ಒಂದೇ ನಾಡಿನೊಳಗೆ ಇದು ನಡೆದೀತು. ಸಮುದ್ರ ದಾಟಿ ಬಂದ ಸರಕನ್ನು ಹಿಂದಿರುಗಿಸುವುದೆಂದರೆ ಮಾರಿದವನಿಗೆ ಸಾಗಣೆಯ ವೆಚ್ಚವೂ ಹೋಯಿತು, ಸರಕೂ ಪರನಾಡಿನಲ್ಲಿ ಅನಾಥವಾಯಿತು.

ಈ ತೊಡಕನ್ನು ಬಿಡಿಸಲು ಹೊರಟವರಲ್ಲಿ ಅಗ್ರಗಣ್ಯನು ವಿಯೆನ್ನಾದಲ್ಲಿ ಜನಿಸಿದ ಎರ್ನ್‌ಸ್ಟ್ ರಾಬೆಲ್. ನಾನಾ ದೇಶಗಳ ಕಾನೂನುಗಳ ಪರಿಭಾಷೆಯನ್ನು ಬದಿಗಿಟ್ಟು, ಅವು ವ್ಯವಹಾರದಲ್ಲಿ ಮಾಡುವ ಕೆಲಸವನ್ನು ಹೋಲಿಸುವುದು ಅವನ ವಿಧಾನ. ಅವನ ಪ್ರೇರಣೆಯಿಂದ ರೋಮಿನ ಯೂನಿಡ್ರಾಯಿಟ್ ಸಂಸ್ಥೆ 1935ರಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿತು. ಎರಡು ವರ್ಷಗಳೊಳಗೆ, ಯೆಹೂದಿ ಮೂಲದವನೆಂಬ ಕಾರಣಕ್ಕೆ, ತಾನೇ ಕಟ್ಟಿದ ಬರ್ಲಿನ್ನಿನ ಸಂಶೋಧನಾಲಯದಿಂದ ಅವನನ್ನು ಹೊರಹಾಕಲಾಯಿತು. 1939ರಲ್ಲಿ ಅಮೆರಿಕಕ್ಕೆ ವಲಸೆ ಹೋದ ರಾಬೆಲ್ 1955ರಲ್ಲಿ ತೀರಿಕೊಂಡನು. ಅವನ ಕರಡಿನ ವಂಶದಲ್ಲಿ ಹುಟ್ಟಿದ 1964ರ ಹೇಗ್ ಒಡಂಬಡಿಕೆಗಳನ್ನು ಒಪ್ಪಿದ ದೇಶಗಳು ವಿರಳ. ಬಳಿಕ ವಿಶ್ವಸಂಸ್ಥೆ ಆ ಕಾರ್ಯವನ್ನು ಕೈಗೆತ್ತಿಕೊಂಡಿತು. 1980ರ ಏಪ್ರಿಲಿನಲ್ಲಿ, ರಾಬೆಲ್ ಹುಟ್ಟಿದ ಊರಿನಲ್ಲಿಯೇ, ಹೊಸ ಒಡಂಬಡಿಕೆ ಅಂಗೀಕಾರವಾಯಿತು. ಅದು ಜಾರಿಗೆ ಬಂದುದು 1988ರ ಜನವರಿ 1ರಂದು.

ಇಲ್ಲಿ ಕರಾರನ್ನು ಉಳಿಸಿಕೊಳ್ಳುವುದೇ ಮೊದಲ ಕಾಳಜಿ. ಕೊಂಡವನು ನಿರೀಕ್ಷಿಸಿದ ಫಲವನ್ನೇ ಬಹುವಾಗಿ ಕಸಿಯುವ ‘ಮೂಲಭೂತ ಭಂಗ’ವಾದರೆ ಮಾತ್ರ ಅದನ್ನು ರದ್ದುಪಡಿಸಬಹುದು, ಮಾರಿದವನು ಸರಕನ್ನೇ ಒಪ್ಪಿಸದಿದ್ದರೆ ಹೆಚ್ಚುವರಿ ಗಡುವು ಕೊಟ್ಟು, ಅದೂ ಮೀರಿದ ಮೇಲೆ ಬಿಡಿಸಿಕೊಳ್ಳಬಹುದು. ಕೊರತೆ ಸಣ್ಣದಾದರೆ ಬೆಲೆಯನ್ನು ಪ್ರಮಾಣಕ್ಕೆ ತಕ್ಕಂತೆ ಇಳಿಸುವುದುಂಟು. ಒಡೆತನದ ವಿಷಯದಲ್ಲಿ ಒಡಂಬಡಿಕೆ ಮೌನವಾಗಿದೆ. ದೇಶಗಳು ಎಂದೂ ಒಮ್ಮತಕ್ಕೆ ಬರಲಾರದ ಪ್ರಶ್ನೆಯನ್ನು ಕೈಬಿಟ್ಟದ್ದು ಜಾಣತನವೇ ಸರಿ. ಪೀಪಾಯಿಯ ಪಟ್ಟಿಗಳ ವ್ಯಾಜ್ಯ ಈ ನಿಯಮಗಳ ಮುಂದೆ ಬಂದಿದ್ದರೆ ಕೊಂಡವನಿಗೆ ಹೆಚ್ಚೆಂದರೆ ಒಂದಿಷ್ಟು ಪರಿಹಾರ ಸಿಗುತ್ತಿತ್ತು, ಬೆಲೆಯಿಳಿತದಿಂದ ಪಾರಾಗುವ ದಾರಿ ಸಿಗುತ್ತಿರಲಿಲ್ಲ.

ಬ್ರಿಟನ್ನಾಗಲಿ ಭಾರತವಾಗಲಿ ಈ ಒಡಂಬಡಿಕೆಯನ್ನು ಇನ್ನೂ ಸೇರಿಲ್ಲ. ಆದರೂ ಕೊಡಗಿನ ಕಾಫಿ ವರ್ತಕನೊಬ್ಬನು ಹ್ಯಾಂಬರ್ಗಿನವನೊಡನೆ ಮಾಡಿಕೊಂಡ ಕರಾರಿನಲ್ಲಿ ‘ಜರ್ಮನ್ ಕಾನೂನು ಅನ್ವಯ’ ಎಂಬ ಒಂದು ಸಾಲಿದ್ದು, ವಿಯೆನ್ನಾ ನಿಯಮಗಳನ್ನು ಸ್ಪಷ್ಟವಾಗಿ ಹೊರಗಿಡದಿದ್ದರೆ, ಸಾಮಾನ್ಯವಾಗಿ ಅವನ ವ್ಯವಹಾರವನ್ನು ಆಳುವುದು 1930ರ ಕಾಯಿದೆಯಲ್ಲ, ಆ ಒಡಂಬಡಿಕೆಯೇ.