ಭಾಷಣ ಸ್ಪರ್ಧೆಗೆ ತಯಾರಿಯೇ? ದೊಡ್ಡವರ ಅಸಲಿ ಭಾಷಣ ಮೊಬೈಲ್‌ನಲ್ಲೇ ಸಿಗುತ್ತೆ

ಶಾಲೆ, ಕಾಲೇಜಿನ ಭಾಷಣ ಸ್ಪರ್ಧೆ ಹತ್ತಿರ ಬಂತೆಂದರೆ ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದನ್ನೇ ಬಾಯಿಪಾಠ ಮಾಡಿ ಮಕ್ಕಳು ವೇದಿಕೆ ಹತ್ತುತ್ತಾರೆ. ಆ ಮಾತನ್ನು ಅಂಬೇಡ್ಕರ್ ನಿಜವಾಗಿ ಆಡಿದ್ದರೋ, ಯಾರೋ ಬರೆದು ಅವರ ಹೆಸರು ಹಾಕಿದ್ದೋ ಅಂತ ನೋಡುವವರು ಕಡಿಮೆ. ತೀರ್ಪುಗಾರರು ಕೇಳಿದರೆ ಸಿಕ್ಕಿಬೀಳುವುದು ಮಾತ್ರ ಮಗು.

ವಿವೇಕಾನಂದರ ಷಿಕಾಗೊ ಭಾಷಣದ ‘ಒರಿಜಿನಲ್ ಆಡಿಯೊ’ ಇದಕ್ಕೆ ಒಳ್ಳೆಯ ಉದಾಹರಣೆ. ಆ ಭಾಷಣ ನಡೆದಿದ್ದು 1893ರ ಸೆಪ್ಟೆಂಬರ್ 11ರಂದು. ಅದರ ಧ್ವನಿಮುದ್ರಣ ಇಲ್ಲ. ಹರಿದಾಡುತ್ತಿರುವುದು ಬೇರೆಯವರ ದನಿ. ಉಳಿದಿರುವುದು ಬರಹ ರೂಪ ಮಾತ್ರ. ಅದು ಇಂಗ್ಲಿಷ್ ವಿಕಿಸೋರ್ಸ್‌ನಲ್ಲಿ ಉಚಿತವಾಗಿ ಸಿಗುತ್ತೆ.

ಎಲ್ಲಿ ಹುಡುಕಬೇಕು?

ಸಂವಿಧಾನ ಸಭೆ: ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ಸಂಸ್ಥೆಯ ‘ಕಾನ್‌ಸ್ಟಿಟ್ಯೂಷನ್ ಆಫ್ ಇಂಡಿಯಾ ಡಾಟ್ ನೆಟ್’ನಲ್ಲಿ ಸಭೆಯ ಚರ್ಚೆಗಳನ್ನು ದಿನಾಂಕದ ಪ್ರಕಾರ ಓದಬಹುದು. 1947ರ ಆಗಸ್ಟ್ 14ರ ಮಧ್ಯರಾತ್ರಿಯ ನೆಹರೂ ಭಾಷಣ, 1949ರ ನವೆಂಬರ್ 25ರ ಅಂಬೇಡ್ಕರ್ ಭಾಷಣ ಎರಡೂ ಇವೆ. ಮುಂದೆ ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರ ಮಾತೂ ಇದೆ. ನಮಗೆ ಬೇಕಿದ್ದುದು ವೀಣೆಯ ನಾದ, ಸಿಕ್ಕಿದ್ದು ಇಂಗ್ಲಿಷ್ ಬ್ಯಾಂಡ್ ಎಂಬರ್ಥದಲ್ಲಿ ಅವರು ಕೊಟ್ಟ ಹೋಲಿಕೆ ಇವತ್ತಿಗೂ ಕಿವಿಯಲ್ಲಿ ಉಳಿಯುತ್ತೆ.

ಅಂಬೇಡ್ಕರ್: ಮಹಾರಾಷ್ಟ್ರ ಸರ್ಕಾರ ಪ್ರಕಟಿಸಿದ ಬರಹ, ಭಾಷಣಗಳ ಇಂಗ್ಲಿಷ್ ಸಂಪುಟಗಳು ಕೇಂದ್ರ ವಿದೇಶಾಂಗ ಸಚಿವಾಲಯದ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಸಿಗುತ್ತವೆ. ಕನ್ನಡ ಸಂಪುಟಗಳಿಗೆ ಗ್ರಂಥಾಲಯದಲ್ಲಿ ಕೇಳಿ.

ಗಾಂಧೀಜಿ: ‘ಗಾಂಧಿ ಹೆರಿಟೇಜ್ ಪೋರ್ಟಲ್’ನಲ್ಲಿ ಇಂಗ್ಲಿಷ್ ಸಮಗ್ರ ಕೃತಿಗಳ 100 ಸಂಪುಟಗಳಿವೆ.

ಹೊರದೇಶದ ಭಾಷಣ: ‘ಅಮೆರಿಕನ್ ರೆಟರಿಕ್’ ವೆಬ್‌ಸೈಟಿನಲ್ಲಿ ಬರಹದ ಜೊತೆ ಹಲವು ಭಾಷಣಗಳ ಆಡಿಯೊ ಕೂಡ ಇದೆ. ಮಾತಿನ ಅಲಂಕಾರಗಳನ್ನು ಆಡಿಯೊ ತುಣುಕಿನ ಸಮೇತ ತೋರಿಸುವ ವಿಭಾಗವೂ ಇದೆ. 1963ರ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಕನಸಿನ ಮಾತನ್ನು ಎಷ್ಟು ಸಲ, ಎಲ್ಲೆಲ್ಲಿ ತಿರುಗಿ ಹೇಳಿದರು ಎಂದು ಕೇಳಿ ನೋಡಿ. ಲಿಂಕನ್ 1863ರಲ್ಲಿ ಗೆಟಿಸ್‌ಬರ್ಗ್‌ನಲ್ಲಿ ಆಡಿದ್ದು ಸುಮಾರು 270 ಪದ ಅಷ್ಟೇ. ಮೂರು ನಿಮಿಷದ ಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಓದುವುದು ಹೇಗೆ?

ಮೊದಲು ಜೋರಾಗಿ ಓದಿ. ಎಲ್ಲಿ ಉಸಿರು ನಿಲ್ಲುತ್ತೆ, ಯಾವ ಪದ ಮತ್ತೆ ಮತ್ತೆ ಬರುತ್ತೆ, ಎಲ್ಲಿ ಹೋಲಿಕೆ ಇದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. 1949ರ ಭಾಷಣದಲ್ಲಿ ಅಂಬೇಡ್ಕರ್ ಕೊಟ್ಟ ಎಚ್ಚರಿಕೆ ಮೂರು: ಸಂವಿಧಾನದ ಹಾದಿ ಬಿಡಬೇಡಿ, ವ್ಯಕ್ತಿಪೂಜೆ ಬೇಡ, ರಾಜಕೀಯ ಪ್ರಜಾಪ್ರಭುತ್ವದ ಜೊತೆ ಸಾಮಾಜಿಕ ಪ್ರಜಾಪ್ರಭುತ್ವವೂ ಬೇಕು. ಹೀಗೆ ಎಣಿಸಿ ಹೇಳಿದರೆ ಕೇಳುವವರಿಗೂ ನೆನಪಿರುತ್ತೆ. ಆಮೇಲೆ ಪುಸ್ತಕ ಮುಚ್ಚಿ ನಿಮ್ಮದೇ ಕನ್ನಡದಲ್ಲಿ ಹೇಳಿ. ಗೂಗಲ್ ಅನುವಾದವನ್ನು ಹಾಗೇ ಒಪ್ಪಿಸಿದರೆ ಮಾತಿನ ಬಿಸಿ ಆರಿಹೋಗುತ್ತೆ.

ಮನೆಯಲ್ಲಿ ನೆಟ್ ಇಲ್ಲದವರು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆಯೇ ಎಂದು ವಿಚಾರಿಸಬಹುದು. ಅಂಗಡಿಯಲ್ಲಿ ಕೂತ ಅಪ್ಪ ಅಮ್ಮಂದಿರೂ ಮಗುವಿಗೆ ಒಂದು ಪ್ರಶ್ನೆ ಕೇಳಬಹುದು: ಇದನ್ನು ಯಾರು, ಯಾವಾಗ, ಎಲ್ಲಿ ಹೇಳಿದ್ದು? ಮೂರಕ್ಕೂ ಉತ್ತರ ಸಿಗದ ಸಾಲನ್ನು ವೇದಿಕೆಗೆ ಒಯ್ಯದಿರುವುದೇ ಒಳ್ಳೆಯದು.