ಕನ್ನಡ ಕ್ರೈಸ್ತ ಕಾವ್ಯ

ಯೇಸುವಿನ ಚರಿತ್ರೆಯನ್ನೂ ಬೈಬಲಿನ ಕಥೆಗಳನ್ನೂ ಕನ್ನಡ ಕಾವ್ಯದ ರೀತಿಯಲ್ಲಿ ನಿರೂಪಿಸುವ ಪದ್ಯಸಾಹಿತ್ಯ. 19ನೆಯ ಶತಮಾನದಲ್ಲಿ ಮಂಗಳೂರಿನ ಮಿಶನರಿ ವಲಯದಲ್ಲಿ ಬೆಳೆದು, 20ನೆಯ ಶತಮಾನದಲ್ಲಿ ಮಂಜೇಶ್ವರದ ಗೋವಿಂದ ಪೈ ಅವರಿಂದ ಖಂಡಕಾವ್ಯದ ಪ್ರೌಢಿಮೆ ಪಡೆಯಿತು.

ಗ್ರೀಕ್ ಪೂರ್ವನಿದರ್ಶನ

ಹೊಸ ಧರ್ಮವೊಂದು ನೆಲದ ಮಹಾಕಾವ್ಯದ ಧಾಟಿಯನ್ನು ಕೈಗೊಂಡದ್ದು ಇದೇ ಮೊದಲಲ್ಲ. ಗ್ರೀಕ್ ಶಾಲೆಗಳಲ್ಲಿ ಅಕ್ಷರಾಭ್ಯಾಸವೇ ಹೋಮರನಿಂದ ನಡೆಯುತ್ತಿದ್ದುದರಿಂದ ಕ್ರೈಸ್ತ ಲೇಖಕರೂ ಅವನನ್ನು ಓದಿಯೇ ಬೆಳೆದವರು. 362ರಲ್ಲಿ ಚಕ್ರವರ್ತಿ ಜೂಲಿಯನ್, ಕ್ರೈಸ್ತರು ಪ್ರಾಚೀನ ಕಾವ್ಯಗಳನ್ನು ಬೋಧಿಸದಂತೆ ತಡೆದ. ಆದರೂ 5ನೆಯ ಶತಮಾನದಲ್ಲಿ ಈಜಿಪ್ಟಿನ ಕವಿ ನೊನ್ನಸ್ ಯೋಹಾನನ ಸುವಾರ್ತೆಯನ್ನು ಹೋಮರನ ಛಂದಸ್ಸಿನಲ್ಲಿ ಬರೆದ. ಚಕ್ರವರ್ತಿನಿ ಯೂಡೋಸಿಯಾಳ ಹೆಸರಿನಲ್ಲಿ ಉಳಿದಿರುವ ಕೃತಿಯಲ್ಲಿ ಹೋಮರನ ಸಾಲುಗಳನ್ನೇ ಆಯ್ದು ಜೋಡಿಸಿ ಕ್ರಿಸ್ತನ ಕಥೆ ಹೇಳಲಾಗಿದೆ. ವೀರರ ಯುದ್ಧ, ಗಾಯ, ಶೋಕಗಳಿಗೆ ಬಂದ ಮಾತುಗಳೇ ಅಲ್ಲಿ ಶಿಲುಬೆಯ ಯಾತನೆಯನ್ನು ನುಡಿಯುತ್ತವೆ.

ಕರಾವಳಿಯ ಹಿನ್ನೆಲೆ

ಇಂಥದೇ ಯತ್ನ ಭಾರತದ ಪಶ್ಚಿಮ ಕರಾವಳಿಯಲ್ಲೂ ನಡೆದಿತ್ತು: ಜೆಸ್ವಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಮರಾಠಿಯ ಓವಿ ಛಂದಸ್ಸಿನಲ್ಲಿ ರಚಿಸಿದ ‘ಕ್ರಿಸ್ತಪುರಾಣ’ 1616ರಲ್ಲಿ ಗೋವೆಯಲ್ಲಿ ಅಚ್ಚಾಯಿತು. ಕರಾವಳಿಯ ಕೊಂಕಣಿ ಕ್ರೈಸ್ತರಲ್ಲಿ ಅದರ ಓದು ಉಳಿದುಬಂತು. 1907ರಲ್ಲಿ ಮಂಗಳೂರಿನಲ್ಲೇ ಹೊಸ ಆವೃತ್ತಿ ಹೊರಬಂತು.

ಕಿಟ್ಟೆಲ್

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಅದರ ಹರ್ಮನ್ ಮೊಗ್ಲಿಂಗ್ ‘ಜೈಮಿನಿ ಭಾರತ’, ದಾಸರ ಪದ ಮೊದಲಾದವನ್ನು ಅಚ್ಚು ಹಾಕಿಸಿದ್ದರಿಂದ ಮಿಶನರಿಗಳಿಗೆ ಕನ್ನಡ ಕಾವ್ಯದ ಪರಿಚಯ ಒದಗಿತು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿ ಯೇಸುವಿನ ಜೀವನವನ್ನು ದೇಶೀಯ ಪದ್ಯರೀತಿಯಲ್ಲಿ ಹೇಳಿದರು. ಕನ್ನಡ ಛಂದಸ್ಸು, ಭಾಷೆಗಳ ಮೇಲಿನ ಅವರ ಆಸಕ್ತಿ ಪ್ರಚಾರಕಾರ್ಯಕ್ಕಷ್ಟೇ ಸೀಮಿತವಾಗಿರಲಿಲ್ಲ: 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದರು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಹೊರತಂದರು.

‘ಗೊಲ್ಗೊಥಾ’

ಗೋವಿಂದ ಪೈ (1883–1963) ಕ್ರೈಸ್ತರಲ್ಲ. ಹಲವು ಭಾಷೆ ಬಲ್ಲ ವಿದ್ವಾಂಸರು. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಲೇಬೇಕೆಂಬ ಪ್ರಾಸನಿಯಮವನ್ನು 1911ರಲ್ಲೇ ಕೈಬಿಟ್ಟಿದ್ದರು. ಹಾಗೆ ಬಿಡುಗಡೆ ಪಡೆದ ಪದ್ಯ ದೀರ್ಘ ಕಥನಕ್ಕೆ ಒಗ್ಗಿತು. 1930ರ ದಶಕದ ‘ಗೊಲ್ಗೊಥಾ’ ಯೇಸುವಿನ ಕೊನೆಯ ದಿನವನ್ನು ವಸ್ತುವಾಗಿಸಿಕೊಂಡರೆ, ‘ವೈಶಾಖಿ’ ಬುದ್ಧನ ಕೊನೆಯ ದಿನವನ್ನು ಹೇಳುತ್ತದೆ.

ಮಹತ್ವ

‘ಕಥಾಮಾಲೆ’ ಸುವಾರ್ತೆಯನ್ನು ಕನ್ನಡಿಗರ ಬಳಿಗೆ ಒಯ್ಯಲು ಹುಟ್ಟಿದ ಕೃತಿ. ‘ಗೊಲ್ಗೊಥಾ’ದ ಹೊತ್ತಿಗೆ ಯೇಸು ಯಾವ ಧರ್ಮದ ಕನ್ನಡ ಕವಿಯಾದರೂ ಎತ್ತಿಕೊಳ್ಳಬಹುದಾದ ಕಾವ್ಯನಾಯಕನಾಗಿದ್ದ. ಮತಪ್ರಚಾರದ ಅಗತ್ಯ ಕಳಚಿದ ಮೇಲೂ ಈ ವಸ್ತು ಕನ್ನಡದಲ್ಲಿ ಬಾಳಿತೆಂಬುದೇ ಈ ಪರಂಪರೆಯ ದೊಡ್ಡ ಸಾಧನೆ.