ಅಮೀರಬಾಯಿಯವರ ಅರಗಿನ ತಟ್ಟೆಗಳು

ಬೀಳಗಿಯಲ್ಲಿ ಜನಿಸಿದ ಅಮೀರಬಾಯಿಯವರು ಮುಂಬಯಿಯ ಚಿತ್ರಲೋಕದಲ್ಲಿ, ಸೋದರಿ ಗೌಹರಬಾಯಿಯವರಂತೆಯೇ, ‘ಕರ್ನಾಟಕಿ’ ಎಂಬ ನಾಡಿನ ಹೆಸರನ್ನು ಬಿರುದಿನಂತೆ ಧರಿಸಿದರು. 1943ರ ‘ಕಿಸ್ಮತ್’ ಚಿತ್ರದ ಗೀತಗಳಿಂದ ಅವರ ಕೀರ್ತಿಯು ದೇಶದಲ್ಲೆಲ್ಲ ಹಬ್ಬಿತು.

ಅಂದಿನ ಅರಗಿನ ತಟ್ಟೆಯು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದಿತು. ಒಂದು ಮಗ್ಗುಲಿಗೆ ಸುಮಾರು ಮೂರೇ ನಿಮಿಷದ ಅವಕಾಶ. ಆದುದರಿಂದ ಗಾಯಕಿಯು ಮೊದಲ ಸ್ವರದಲ್ಲಿಯೇ ಭಾವವನ್ನು ನಿಲ್ಲಿಸಬೇಕಾಗಿದ್ದಿತು. ಈಗಿನವರು ಯಂತ್ರದಿಂದ ಹಳೆಯ ತಟ್ಟೆಯ ಚರಚರ ಸದ್ದನ್ನು ತೊಳೆಯುವರು. ಅದರೊಡನೆ ಕೆಲವೊಮ್ಮೆ ಕಂಠದ ಕಂಪವೂ ಉಸಿರೂ ಅಳಿದುಹೋಗುವವು. ವಿಗ್ರಹದ ಧೂಳನ್ನು ಒರೆಸಬೇಕು; ಮೂಗನ್ನು ಸವೆಯಿಸಬಾರದು.

1965ರಲ್ಲಿ ಅವರು ಕಾಲವಶರಾದರು. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳ ಅಟ್ಟಗಳಲ್ಲಿ ಅವರ ತಟ್ಟೆಗಳಿದ್ದರೆ, ವಾಚಕರು ಅವನ್ನು ಗುಜರಿಗೆ ಹಾಕದಿರಲಿ. ತೊಳೆಯುವವನಿಗೂ ಮೂಲವೇ ಪ್ರಮಾಣವಷ್ಟೆ.